ನಿವೃತ್ತರ ಗಾಳಕ್ಕೆ ಯಾವ ಊರು ಹಿತ: ಕಾರವಾರ, ಕುಮಟಾ, ಮಲ್ಪೆ, ಕುಂದಾಪುರ

ಪಿಂಚಣಿ ಶುರುವಾದ ಮೇಲೆ ಕಡಲ ಬದಿಯ ಸಣ್ಣ ಊರಲ್ಲಿ ಮನೆ ಮಾಡಿ, ಬೆಳಗ್ಗೆ ಗಾಳ ಹಿಡಿದು ಕೂರಬೇಕು ಅನ್ನುವ ಆಸೆ ಘಟ್ಟದ ಮೇಲಿನ ಬಹಳ ಜನಕ್ಕಿದೆ. ನನಗೂ ಇತ್ತು. ದಾವಣಗೆರೆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡಿ 2017ರಲ್ಲಿ ನಿವೃತ್ತಳಾದೆ. ಚಿಕ್ಕವಳಿದ್ದಾಗ ಭದ್ರಾ ನಾಲೆಯ ದಂಡೆಯಲ್ಲಿ ಅಪ್ಪನ ಪಕ್ಕ ಕೂತು ಎರೆಹುಳ ಚುಚ್ಚಿದ್ದು ಬಿಟ್ಟರೆ ಮೀನು ಹಿಡಿಯುವ ವಿದ್ಯೆ ಬೇರೇನೂ ಬರುತ್ತಿರಲಿಲ್ಲ. ನಮ್ಮ ಮನೆಯವರು ಗಾಳ ಮುಟ್ಟುವವರಲ್ಲ. ಅವರ ಹೃದಯಕ್ಕೆ ಸ್ಟೆಂಟ್ ಹಾಕಿದೆ. ಹಾಗಾಗಿ ಒಂದೇ ಸಲಕ್ಕೆ ಮನೆ ಕೊಳ್ಳುವ ಧೈರ್ಯ ಮಾಡಲಿಲ್ಲ. ಕಾರವಾರದಲ್ಲಿ ಐದು ತಿಂಗಳು, ಕುಮಟಾದಲ್ಲಿ ಎಂಟು, ಮಲ್ಪೆಯ ಹತ್ತಿರ ನಾಲ್ಕು ತಿಂಗಳು ಬಾಡಿಗೆಗಿದ್ದು ಕೊನೆಗೆ ಕುಂದಾಪುರದಲ್ಲಿ ನೆಲೆ ನಿಂತೆವು.

ಹಳೆಯ ಸಹೋದ್ಯೋಗಿಗಳು ಈಗಲೂ ಫೋನು ಮಾಡಿ ಯಾವ ಊರು ಒಳ್ಳೆಯದು ಎಂದು ಕೇಳುತ್ತಾರೆ. ಬೀಚಿನ ಚಿತ್ರ ನೋಡಿ ಊರು ಆರಿಸಬೇಡಿ ಎಂಬುದು ನಾನು ಮೊದಲು ಹೇಳುವ ಮಾತು. ಅರವತ್ತೈದು ದಾಟಿದ ಕಾಲು ಎಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಬಿದ್ದು ಕೂಗಿದರೆ ಯಾರ ಕಿವಿಗೆ ಬೀಳುತ್ತದೆ, ಇವೆರಡನ್ನು ನೋಡಿ. ಮೀನು ನಾಲ್ಕೂ ಊರಲ್ಲಿದೆ.

ಊರಿಗಿಂತ ಮೊದಲು ನೀರು

ದಡದಲ್ಲಿ ನಿಂತು ಗಾಳ ಹಾಕುವವರಿಗೆ ನಮ್ಮ ಕರಾವಳಿ ಮೂರು ಬಗೆಯ ನೀರು ಕೊಡುತ್ತದೆ: ತೆರೆದ ಮರಳು ದಂಡೆ, ಕಲ್ಲು, ಅಳಿವೆ. ಊರು ಯಾವುದೇ ಆಗಲಿ, ನೀವು ದಿನಾ ಹೋಗುವುದು ಈ ಮೂರರಲ್ಲಿ ಒಂದಕ್ಕೆ.

ಮರಳು ದಂಡೆ ನೋಡಲು ಎಲ್ಲಕ್ಕಿಂತ ಸುಲಭ, ಆದರೆ ಹೆಗಲಿಗೆ ಕಷ್ಟ. ಅಲೆ ಒಡೆಯುವ ಜಾಗಕ್ಕೂ ದಡಕ್ಕೂ ನಡುವೆ ಒಂದು ತಗ್ಗು ಇರುತ್ತದೆ, ಕಾಣೆ ಮೀನು ಅಲ್ಲೇ ಮರಳು ಕೆದಕುತ್ತಾ ಓಡಾಡುವುದು. ಅಲ್ಲಿಗೆ ಎಸೆಯಲು ಹತ್ತು ಹನ್ನೆರಡು ಅಡಿಯ ಕೋಲು ಬೇಕು, ನಿಂತೇ ಇರಬೇಕು, ಅಲೆ ಎಳೆದು ತರುವ ತಂಗೂಸಿಯನ್ನು, ಅಂದರೆ ಗಾಳದ ದಾರವನ್ನು, ಮತ್ತೆ ಮತ್ತೆ ಸುತ್ತಿ ಎಸೆಯಬೇಕು. ಒಂದು ಗಂಟೆಗೆ ನನ್ನ ಹೆಗಲು ಸಾಕು ಅನ್ನುತ್ತದೆ. ಇನ್ನೊಂದು ಎಚ್ಚರ: ಅಕ್ಕಪಕ್ಕದಲ್ಲೆಲ್ಲ ಅಲೆ ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ಕಪ್ಪಗೆ ಕಂಡರೆ ಅಲ್ಲಿ ದಡಕ್ಕೆ ಬಂದ ನೀರು ವಾಪಸು ಕಡಲಿಗೆ ಹರಿಯುತ್ತಿದೆ ಎಂದರ್ಥ. ಮೀನು ಅಲ್ಲಿಗೆ ಬರುವುದು ನಿಜ. ಗಾಳ ಅಲ್ಲಿಗೆ ಎಸೆಯಿರಿ, ಕಾಲು ಇಡಬೇಡಿ. ಮೊಣಕಾಲು ಮಟ್ಟದ ನೀರೂ ಅಲ್ಲಿ ಆಳನ್ನು ಕೆಡವುತ್ತದೆ.

ಕಲ್ಲಿನ ಮೇಲೆ, ಅಂದರೆ ಹೆಬ್ಬಂಡೆ, ಕಡಲ್ಕೊರೆತದ ತಡೆಗೋಡೆ, ಬಂದರಿನ ಬ್ರೇಕ್‌ವಾಟರ್ ಇಂಥ ಕಡೆ ದೊಡ್ಡ ಮೀನಿದೆ. ಕೆಂಬೇರಿ ಕಲ್ಲಿನ ಸಂದಿಯಿಂದ ಒಂದೇ ಏಟಿಗೆ ಹೊರಬಂದು ಎರೆ ನುಂಗಿ ಮತ್ತೆ ಸಂದಿಗೆ ನುಗ್ಗುವಾಗ ತಂಗೂಸಿ ಕೈಯಲ್ಲಿ ಝೇಂಕರಿಸುತ್ತದೆ. ಒಮ್ಮೆ ಆ ಎಳೆತ ಕಂಡವರಿಗೆ ಮರಳು ದಂಡೆ ಸಪ್ಪೆ ಅನ್ನಿಸುತ್ತದೆ. ನನಗೂ ಹಾಗೇ ಆಗಿತ್ತು. ಮಲ್ಪೆಯ ಹತ್ತಿರ ಇದ್ದಾಗ ಒಂದು ಸಂಜೆ ತಡೆಗೋಡೆಯ ಕಲ್ಲಿನ ಮೇಲೆ ಪಾಚಿ ಕಾಣದೆ ಜಾರಿದೆ. ಬಲ ಮಣಿಕಟ್ಟು ಮುರಿಯಿತು, ಮೊಣಕಾಲು ಕಲ್ಲಿಗೆ ಅಂಟಿಕೊಳ್ಳುವ ಕಲ್ವದ ಚಿಪ್ಪಿಗೆ ಸಿಕ್ಕಿ ಸೀಳಿತು. ಅಲೆಯ ಸದ್ದಿಗೆ ನನ್ನ ಕೂಗು ಯಾರಿಗೂ ಕೇಳಲಿಲ್ಲ. ನಲವತ್ತು ನಿಮಿಷದ ನಂತರ ಬೀಸುಬಲೆ ಹಿಡಿದು ಬಂದ ಒಬ್ಬ ಹುಡುಗ ನೋಡಿ ಓಡಿ ಬಂದ. ಆವತ್ತು ನೀರು ಇಳಿಯುತ್ತಿತ್ತು. ಏರುವ ಹೊತ್ತಾಗಿದ್ದರೆ ಏನಾಗುತ್ತಿತ್ತೋ, ಈಗಲೂ ಒಮ್ಮೊಮ್ಮೆ ರಾತ್ರಿ ನೆನಪಾಗುತ್ತದೆ.

ಕಲ್ಲಿಗೆ ಇನ್ನೊಂದು ಅಪಾಯವಿದೆ, ಹೊಸಬರಿಗೆ ಗೊತ್ತಿರುವುದಿಲ್ಲ. ಬೇಸಿಗೆಯಲ್ಲಿ, ಗಾಳಿಯೇ ಇಲ್ಲದ ದಿನ, ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆಗಳು ಸಾವಿರಾರು ಕಿಲೋಮೀಟರ್ ಬಂದು ನಮ್ಮ ದಡಕ್ಕೆ ಬಡಿಯುತ್ತವೆ. ಕೇರಳದವರು ಇದನ್ನು ಕಳ್ಳಕಡಲು ಅನ್ನುತ್ತಾರೆ. ಹೆಸರು ಸರಿಯಾಗಿದೆ, ಕಳ್ಳನ ಹಾಗೆ, ದಡದಲ್ಲಿ ನಿಂತವರಿಗೆ ಸುಳಿವು ಕೊಡದೆ ಬರುತ್ತದೆ. ಸಾಗರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಎಚ್ಚರಿಕೆ ಕೊಡುತ್ತದೆ. ಕಲ್ಲಿನ ಮೇಲೆ ಗಾಳ ಹಾಕುವವರು ಮಾರ್ಚಿನಿಂದ ಮೇ ತನಕ ಅದನ್ನು ನೋಡದೆ ಮನೆಯಿಂದ ಹೊರಡಬಾರದು.

ಉಳಿದದ್ದು ಅಳಿವೆ, ಹೊಳೆ ಕಡಲು ಸೇರುವ ಬಾಗಿಲು ಮತ್ತು ಅದರ ಒಳಗಿನ ಹಿನ್ನೀರಿನ ದಡ. ನಿವೃತ್ತರಿಗೆ ನಾನು ಹೇಳುವುದು ಇದನ್ನೇ. ಕೂರಬಹುದು. ನೆರಳಿದೆ. ಐದಾರು ಅಡಿ ಕೋಲು ಸಾಕು, ಕೈಗಾಳವೂ ಸಾಕು. ಇರ್ಪೆ, ಮಾಲ, ಕಾಣೆ, ಕೆಂಬೇರಿ, ಕುರುಡಿ ಎಲ್ಲವೂ ನೀರಿನ ಏರಿಳಿತದ ಜೊತೆ ಒಳಗೆ ಬಂದು ಹೊರಗೆ ಹೋಗುತ್ತವೆ, ನಾವು ಮೀನನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಜನರಿದ್ದಾರೆ: ಪಾತಿ ದೋಣಿಯವರು, ಚಿಪ್ಪು ಹೆಕ್ಕುವ ಹೆಂಗಸರು, ಬಲೆ ಒಣಗಿಸುವವರು. ಎರಡು ದಿನ ನೀವು ಕಾಣದಿದ್ದರೆ ಮೂರನೆಯ ದಿನ ಕೇಳುತ್ತಾರೆ. ಹುದುಲಿನಲ್ಲಿ ಕಾಲು ಹೂಳುವ ಭಯವೊಂದಿದೆ, ಗುರುತಿಲ್ಲದ ಕೆಸರಿಗೆ ಇಳಿಯದಿದ್ದರೆ ಆಯಿತು.

ಭರತ (ಉಬ್ಬರ), ಇಳಿತದ ಲೆಕ್ಕ ಈ ಮೂರಕ್ಕೂ ಒಂದೇ. ಭರತದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ತಡ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ ನಡುಹಗಲಿಗೂ ನಡುರಾತ್ರಿಗೂ ಹತ್ತಿರ ಬರುತ್ತದೆ. ಅಂದರೆ ಹೊತ್ತು ಮೂಡುವಾಗ ನೀರು ಏರಲು ಶುರುವಾಗಿರುತ್ತದೆ. ಮುದುಕರಿಗೆ ಇದಕ್ಕಿಂತ ಅನುಕೂಲದ ಹೊತ್ತಿಲ್ಲ: ತಂಪು, ಬೆಳಕು, ಏರುವ ನೀರು ಮೂರೂ ಒಟ್ಟಿಗೆ. ಅಷ್ಟಮಿಯ ಸುತ್ತ ನೀರಿಗೆ ಓಟ ಕಡಿಮೆ, ಮೀನಿಗೂ ಹಸಿವು ಕಡಿಮೆ ಅನ್ನುವ ಹಾಗೆ ಇರುತ್ತದೆ. ನಾನು ಆ ದಿನಗಳನ್ನು ಬ್ಯಾಂಕು, ಮಾತ್ರೆ, ಬಟ್ಟೆ ಒಗೆಯುವುದಕ್ಕೆ ಇಟ್ಟುಕೊಂಡಿದ್ದೇನೆ. ಗೋಡೆಯ ಪಂಚಾಂಗವೇ ನನ್ನ ವೇಳಾಪಟ್ಟಿ.

ಕಾರವಾರ

ನಾಲ್ಕರಲ್ಲಿ ನೋಟಕ್ಕೆ ಚೆಲುವಾದದ್ದು ಇದೇ. ಗುಡ್ಡ, ದ್ವೀಪ, ಕೊಲ್ಲಿ ಒಂದಕ್ಕೊಂದು ಒತ್ತಿಕೊಂಡಿವೆ. ದ್ವೀಪಗಳ ಮರೆಯಿಂದ ಕಡಲು ಉಳಿದ ಊರುಗಳಿಗಿಂತ ಸೌಮ್ಯ, ಟ್ಯಾಗೋರ್ ಕಡಲತೀರದಲ್ಲಿ ಬೆಳಗ್ಗೆ ಕೈರಂಪಣಿ, ಅಂದರೆ ದಡದಿಂದ ಜನ ಸೇರಿ ಎಳೆಯುವ ದೊಡ್ಡ ಬಲೆ, ಎಳೆಯುವುದನ್ನು ಈಗಲೂ ನೋಡಬಹುದು. ಹಗ್ಗಕ್ಕೆ ಕೈಹಾಕಿದ ನನಗೂ ಒಮ್ಮೆ ಒಂದು ಹಿಡಿ ಮೀನು ಕೊಟ್ಟರು. ರಂಪಣಿ ಹಾಕಿದ್ದಾಗ ಆ ನೀರಿಗೆ ಗಾಳ ಎಸೆಯಬಾರದು, ಅದು ಅವರ ಅನ್ನದ ಬಲೆ.

ಗಾಳಕ್ಕೆ ಹಿತವಾದದ್ದು ಕಾಳಿ ನದಿಯ ದಡ, ಕೋಡಿಬಾಗದ ಕಡೆ. ಇಲ್ಲಿ ಮೀನಿನ ಹೆಸರು ಕೊಂಕಣಿಯಲ್ಲಿ ಕಲಿಯಬೇಕು: ಕಾಣೆ ಇಲ್ಲಿ ನೋಗ್ಲಿ, ಕುರುಡಿ ಚೊಣಕ, ಬೂತಾಯಿ ತಾರ್ಲೆ, ಸಿಗಡಿ ಸುಂಗಟ. ಎರಡು ತೊಡಕು. ಊರಿನ ತೆಂಕಣಕ್ಕೆ ಅರಗಾ, ಬಿಣಗಾ ಕಡೆಯ ಕಿನಾರೆಯ ಬಹುಭಾಗ ನೌಕಾನೆಲೆಗೆ ಸೇರಿದೆ. ಅಲ್ಲಿ ಗಾಳವಿರಲಿ, ನಡೆದು ಹೋಗುವುದಕ್ಕೂ ಇಲ್ಲ. ಇನ್ನು ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆಗೆದರೆ ಕಾಳಿಯ ಮಟ್ಟ ಬೇಗ ಏರುತ್ತದೆ. ಡಂಗುರ ಸಾರುತ್ತಾರೆ, ಸೈರನ್ ಕೂಗುತ್ತದೆ ಎಂದು ನಂಬಿ ಕೂರದೆ ಜುಲೈ, ಆಗಸ್ಟಿನಲ್ಲಿ ಹೊಳೆಯ ಅಂಚಿನಿಂದ ದೂರವಿರಿ.

ನಾವು ಕಾರವಾರ ಬಿಟ್ಟದ್ದು ಇವುಗಳಿಗಲ್ಲ, ಆಸ್ಪತ್ರೆಗೆ. ವೈದ್ಯಕೀಯ ಕಾಲೇಜು ಊರಲ್ಲೇ ಇದೆ. ಆದರೆ ದೊಡ್ಡ ಹೃದಯ ಚಿಕಿತ್ಸೆಗೆ ಉತ್ತರ ಕನ್ನಡದವರು ಗೋವಾ, ಹುಬ್ಬಳ್ಳಿ ಅಥವಾ ಮಣಿಪಾಲಕ್ಕೆ ಹೊರಡುವುದನ್ನು ಐದು ತಿಂಗಳು ಕಣ್ಣಾರೆ ಕಂಡೆವು. ಮಣಿಪಾಲ ಇಲ್ಲಿಂದ ಸುಮಾರು 200 ಕಿ.ಮೀ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು ಇಲ್ಲಿನ ಜನ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ! ಅದೊಂದು ಆಗಿದ್ದರೆ ನಾವು ಇವತ್ತಿಗೂ ಕಾಳಿಯ ದಡದಲ್ಲೇ ಇರುತ್ತಿದ್ದೆವು.

ಕುಮಟಾ ಮತ್ತು ಅಘನಾಶಿನಿ

ಗಾಳ ಒಂದನ್ನೇ ಲೆಕ್ಕಕ್ಕೆ ಹಿಡಿದರೆ ನನ್ನ ಮೊದಲ ಸ್ಥಾನ ಅಘನಾಶಿನಿಗೆ. ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಪಕ್ಕದ ಹೊನ್ನಾವರದ ಶರಾವತಿಗೆ ವಿದ್ಯುತ್ ಉತ್ಪಾದನೆಯ ನೀರು ವರ್ಷವಿಡೀ ಬಿಡುತ್ತಿರುವುದರಿಂದ ಬೇಸಿಗೆಯಲ್ಲೂ ಅಲ್ಲಿನ ಹಿನ್ನೀರಿನ ಉಪ್ಪು ತೆಳುವಾಗುತ್ತದೆ. ಅಘನಾಶಿನಿಯಲ್ಲಿ ಮಳೆಗೆ ಸಿಹಿ, ಬೇಸಿಗೆಗೆ ಉಪ್ಪು ಎಂಬ ಹಳೆಯ ಕ್ರಮ ಇನ್ನೂ ನಡೆದಿದೆ. ಅದಕ್ಕೇ ಅಲ್ಲಿ ಬಳಚು ಎಂಬ ತಿನ್ನುವ ಚಿಪ್ಪು ಇದೆ, ಸಿಗಡಿ ಇದೆ, ಅವನ್ನು ತಿನ್ನಲು ಬರುವ ಮೀನಿದೆ. 2024ರ ಜನವರಿಯಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಇಳಿತದ ಹೊತ್ತಿಗೆ ನಡುಹೊಳೆಯಲ್ಲಿ ಮರಳು ದಿಬ್ಬ ತೇಲಿ ಬರುತ್ತದೆ, ಸೊಂಟಕ್ಕೆ ಸೀರೆ ಬಿಗಿದ ಹೆಂಗಸರು ಬುಟ್ಟಿ ಹಿಡಿದು ಬಳಚು ಹೆಕ್ಕುತ್ತಾರೆ. ಅವರ ಬೆನ್ನು, ಅವರ ಕೈಯ ವೇಗ ನೋಡಿದರೆ ನಮ್ಮ ಹವ್ಯಾಸದ ಮೀನುಗಾರಿಕೆ ಎಷ್ಟು ಆರಾಮದ್ದು ಎಂದು ಅರಿವಾಗುತ್ತದೆ. ಅವರು ಹೆಕ್ಕುವ ಜಾಗದಲ್ಲಿ ಗಾಳದ ಮುಳ್ಳು ಬಿಟ್ಟು ಬರುವುದು ಅಪರಾಧಕ್ಕೆ ಸಮ. ಬರಿಗಾಲಲ್ಲಿ ನಡೆಯುವವರು ಅವರು.

ಹಿನ್ನೀರಿನ ಬದಿಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಗಳಲ್ಲಿ, ಕಗ್ಗ ಎಂಬ ಭತ್ತ ಬೆಳೆಯುತ್ತಿದ್ದರು, ಉಪ್ಪುನೀರು ತಡೆದುಕೊಳ್ಳುವ ತಳಿ. ಮಾಣಿಕಟ್ಟಾದ ಕಡೆ ಈಗಲೂ ಅದನ್ನು ಉಳಿಸಿಕೊಂಡ ರೈತರಿದ್ದಾರೆ. ಗಜನಿಯ ಒಳಗಿನ ನೀರು, ಸಿಗಡಿ ಕೊಳದ ನೀರು ಗುತ್ತಿಗೆಯದ್ದು. ಕಟ್ಟೆಯ ಒಳಬದಿಗೆ ಗಾಳ ಬಿಡಬಾರದು, ಹೊರಬದಿಗೆ ಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರಿನ ಅಂಚಿನಲ್ಲಿ, ನೀರು ಏರಿ ಬೇರು ಮುಳುಗುವ ಹೊತ್ತಿಗೆ, ಜೀವಂತ ಸಿಗಡಿ ಚುಚ್ಚಿ ಬಿಟ್ಟು ನೋಡಿ.

ಆದರೆ ಕುಮಟಾ ಪೇಟೆ ಅಳಿವೆಯ ಮೇಲಿಲ್ಲ. ಪೇಟೆಯಲ್ಲಿ ಮನೆ ಮಾಡಿದರೆ ದಿನಾ ಸ್ಕೂಟರ್ ಹತ್ತಬೇಕು, ಅಘನಾಶಿನಿ, ಮಿರ್ಜಾನ ಕಡೆಯ ಹಳ್ಳಿಯಲ್ಲಿ ಮಾಡಿದರೆ ಔಷಧಿ ಅಂಗಡಿಗೆ ಹತ್ತಬೇಕು. ಬಾಡಿಗೆ ನಾಲ್ಕೂರಲ್ಲಿ ಇಲ್ಲೇ ಅಗ್ಗ ಅನ್ನಿಸಿತು. ಮಣಿಪಾಲಕ್ಕೆ ಸುಮಾರು 140 ಕಿ.ಮೀ. ಎಂಟು ತಿಂಗಳಲ್ಲಿ ಎರಡು ಸಲ ನಡುರಾತ್ರಿ ಆ ದಾರಿ ಹಿಡಿದೆವು. ಎರಡನೆಯ ಸಲ ಆಂಬುಲೆನ್ಸಿನಲ್ಲಿ ಕೂತು ಭಟ್ಕಳ ದಾಟುವಾಗ ಇಲ್ಲಿ ಇರುವುದು ಸಾಧ್ಯವಿಲ್ಲ ಎಂದು ಮನಸ್ಸಿನಲ್ಲಿ ನಿಶ್ಚಯವಾಯಿತು. ಇಬ್ಬರೂ ಗಟ್ಟಿಯಾಗಿರುವ ದಂಪತಿ, ಅರವತ್ತರ ಆಸುಪಾಸಿನವರು, ಒಂದಷ್ಟು ವರ್ಷ ಇಲ್ಲಿರಿ. ನನ್ನ ಮಾತು ನಂಬಿ.

ಮಲ್ಪೆ

ಆಸ್ಪತ್ರೆ ಹತ್ತಿರ ಬೇಕು ಅನ್ನುವವರಿಗೆ ಬೇರೆ ಮಾತಿಲ್ಲ. ಮಣಿಪಾಲ ಹನ್ನೊಂದು ಹನ್ನೆರಡು ಕಿ.ಮೀ. ಉಡುಪಿಯ ಪೇಟೆ, ಮಠ, ಗ್ರಂಥಾಲಯ, ಯಕ್ಷಗಾನ, ಒಳ್ಳೆಯ ಹೋಟೆಲು ಎಲ್ಲ ಕೈಯಳತೆಯಲ್ಲಿ. ಅದಕ್ಕೆ ತಕ್ಕಂತೆ ಬಾಡಿಗೆಯೂ ಜಾಸ್ತಿ, ಮಣಿಪಾಲದ ವಿದ್ಯಾರ್ಥಿಗಳ ಜೊತೆ ಪೈಪೋಟಿ ಮಾಡಬೇಕು.

ಗಾಳದವರಿಗೆ ಮಲ್ಪೆಯ ಮುಖ್ಯ ಬೀಚು ಉಪಯೋಗವಿಲ್ಲ. ರಜಾದಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರ ಗದ್ದಲ, ದೋಣಿ ನಿಲ್ಲುವ ದಕ್ಕೆಯ ಹತ್ತಿರ ನೀರಿನ ಮೇಲೆ ಎಣ್ಣೆಯ ಪದರ. ಬಡಗಣಕ್ಕೆ ಕೋಡಿಬೆಂಗ್ರೆಯ ತನಕ ಹೋದರೆ ಬೇರೆಯದೇ ಲೋಕ. ಒಂದು ಬದಿ ಕಡಲು, ಇನ್ನೊಂದು ಬದಿ ಸ್ವರ್ಣಾ ಹೊಳೆ, ನಡುವೆ ಒಂದು ಪಟ್ಟಿ ನೆಲ, ತುದಿಯಲ್ಲಿ ಸೀತಾ ಸ್ವರ್ಣಾ ಸೇರುವ ಅಳಿವೆ. ಆಚೆ ದಡದ ಹಂಗಾರಕಟ್ಟೆಗೆ ಬಾರ್ಜ್ ಓಡಾಡುತ್ತದೆ. ಗಾಳಿ ಕಡಲ ಕಡೆಯಿಂದ ಜೋರಾದ ದಿನ ಹೊಳೆಯ ಕಡೆ ತಿರುಗಿ ಕೂತರಾಯಿತು. ತುಳು ಬಂದರೆ ಜನ ಬೇಗ ಹತ್ತಿರವಾಗುತ್ತಾರೆ, ಬರದಿದ್ದರೂ ಕನ್ನಡದಲ್ಲೇ ಮಾತಾಡಿಸುತ್ತಾರೆ. ಮಣಿಕಟ್ಟು ಮುರಿದುಕೊಂಡಾಗ, ಆ ಹುಡುಗ ಬಂದ ಮೇಲೆ ಅರ್ಧ ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆ. ಅದೇ ಗಾಯ ಬೇರೆ ಊರಲ್ಲಾಗಿದ್ದರೆ ಎಂದು ಯೋಚಿಸಿಯೇ ಈ ಊರಿಗೆ ಇಷ್ಟು ಅಂಕ ಕೊಡುತ್ತಿದ್ದೇನೆ.

ಕುಂದಾಪುರ

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲಿಗೆ ಇಳಿಯುತ್ತವೆ. ಪೇಟೆಯನ್ನು ಮೂರು ಕಡೆಯಿಂದ ನೀರು ಬಳಸಿದೆ. ನಾನು ಬಾಡಿಗೆ ಮನೆಯಿಂದ ಚಪ್ಪಲಿ ಹಾಕಿಕೊಂಡು ಹನ್ನೆರಡು ನಿಮಿಷ ನಡೆದರೆ ಹೊಳೆಯ ದಡ. ಅದೇ ಹನ್ನೆರಡು ನಿಮಿಷ ಇನ್ನೊಂದು ಕಡೆಗೆ ನಡೆದರೆ ಮೀನು ಮಾರುಕಟ್ಟೆ, ಬಸ್ ನಿಲ್ದಾಣ, ಔಷಧಿ ಅಂಗಡಿ. ಈ ಒಂದು ಸಂಗತಿಯೇ ನಮ್ಮ ತೀರ್ಮಾನ ಮಾಡಿದ್ದು. ಗಾಳ ಹಾಕುವವರು ಒಬ್ಬರು, ಊರಲ್ಲಿ ಬದುಕುವವರು ಇಬ್ಬರು. ನಾನು ಹೊಳೆಯಲ್ಲಿರುವಾಗ ಅವರು ಪೇಪರು ಓದಿ, ತರಕಾರಿ ತಂದು, ನಾಲ್ಕು ಜನರ ಜೊತೆ ಮಾತಾಡಿ ಮನೆಗೆ ಬರುತ್ತಾರೆ. ಕುಮಟಾದ ಹಳ್ಳಿಯಲ್ಲಿ ನನ್ನ ಸುಖಕ್ಕೆ ಅವರು ಒಂಟಿಯಾಗಿದ್ದರು. ಅವರು ಒಮ್ಮೆಯೂ ದೂರಲಿಲ್ಲ, ನನಗೇ ತಡವಾಗಿ ತಿಳಿಯಿತು.

ಮಣಿಪಾಲ ಸುಮಾರು 40 ಕಿ.ಮೀ., ಹೆದ್ದಾರಿಯ ದಾರಿ. ಮಲ್ಪೆಯಷ್ಟು ಹತ್ತಿರವಲ್ಲ, ಆದರೆ ತಾಳಿಕೊಳ್ಳುವ ದೂರ.

ಮೊದಲ ವಾರವೇ ನಾನು ಅಳಿವೆಯ ಬ್ರೇಕ್‌ವಾಟರ್ ಕಡೆ ಹೆಜ್ಜೆ ಹಾಕಿದಾಗ ದೋಣಿ ತೊಳೆಯುತ್ತಿದ್ದವರೊಬ್ಬರು ಕೂಗಿದರು: "ಹ್ವಾಯ್ ಅಮ್ಮ, ಕಲ್ಲ್ ಬದಿಗ್ ಹೋಗ್ಬೇಡಿ, ನೀರ್ ಏರ್ತಾ ಇತ್ತ್!" ಈಗ ಅವರಿಗೆ ನಾನು ಟೀಚರ್, ನನಗೆ ಅವರು ಅಣ್ಣ. ಕಾಣೆಗೆ ಎಷ್ಟು ಸಣ್ಣ ಮುಳ್ಳು, ಚಟ್ಲಿಯನ್ನು (ಸಿಗಡಿ) ಬಾಲದ ಕಡೆಯಿಂದ ಹೇಗೆ ಚುಚ್ಚಬೇಕು, ಇವನ್ನು ಅವರೇ ಕಲಿಸಿದ್ದು. ಕೋಡಿಯ ಕಡೆ ಸೀವಾಕ್ ಇದೆ, ಸಂಜೆ ಅಲ್ಲಿ ಗಾಳಿ ತಿನ್ನಲು ಬರುವವರು ಬಹಳ. ಗಾಳಕ್ಕೆ ನನಗೆ ಒಳಗಿನ ಹಿನ್ನೀರೇ ಇಷ್ಟ. ಹೆದ್ದಾರಿಯ ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕಾ ಇರುವ ಮರವಂತೆಗೆ ನೆಂಟರು ಬಂದಾಗ ಹೋಗುತ್ತೇವೆ. ಅಲ್ಲಿ ತಡೆಗೋಡೆಯ ಕಲ್ಲು ಹತ್ತಿ ಗಾಳ ಹಾಕುವುದು ನಮ್ಮ ವಯಸ್ಸಿನವರ ಕೆಲಸವಲ್ಲ.

ಮಳೆಗಾಲ

ನಾಲ್ಕು ಊರಿಗೂ ಇದು ಒಂದೇ ಪರೀಕ್ಷೆ. ವರ್ಷಕ್ಕೆ 3000 ಮಿ.ಮೀ. ಮೀರಿ ಸುರಿಯುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮಾರುಕಟ್ಟೆಯಲ್ಲಿ ಮೀನು ಕಡಿಮೆ, ಬೆಲೆ ಏರು. ನಾಡದೋಣಿಗೆ ಈ ನಿಷೇಧವಿಲ್ಲ. ತೆರೆದ ಕಡಲಿನ ದಂಡೆಗೆ ಆ ತಿಂಗಳುಗಳಲ್ಲಿ ನಾನು ಹೋಗುವುದೇ ಇಲ್ಲ. ಅಳಿವೆಯ ಒಳಗೆ ಹೊಳೆ ಕೆಂಪಾಗಿ ಹರಿಯುತ್ತದೆ, ಮಳೆ ಎರಡು ದಿನ ಹೊಳವಾದಾಗ ನೀರು ಕೊಂಚ ತಿಳಿಯಾಗುತ್ತದೆ. ಆ ಸಂದಿಯಲ್ಲೇ ಕುರುಡಿ ಸಿಗುವುದು.

ಕುರುಡಿಯ ಬಗ್ಗೆ ಒಂದು ಮಾತು. ಈ ಮೀನು ಗಂಡಾಗಿ ಬಾಳು ಶುರುಮಾಡಿ, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮಳೆಗಾಲದಲ್ಲಿ ಮೊಟ್ಟೆ ಇಡಲು ಅಳಿವೆಯ ಬಾಯಿಗೆ ಬರುತ್ತದೆ. ಅಂದರೆ ಆ ಹೊತ್ತಿಗೆ ಸಿಗುವ ಭಾರೀ ಕುರುಡಿಗಳು ಬಹುತೇಕ ತಾಯಂದಿರು. ನನ್ನ ಗಾಳಕ್ಕೆ ಬಿದ್ದ ಅತಿ ದೊಡ್ಡದನ್ನು ನೀರಿನಿಂದ ಪೂರ್ತಿ ಎತ್ತದೆ, ಮುಳ್ಳು ಬಿಡಿಸಿ, ಬಾಲ ಹಿಡಿದು ನಿಧಾನ ಆಡಿಸಿ ಬಿಟ್ಟೆ. ಮನೆಗೆ ಎರಡು ಮೂರು ಸಣ್ಣ ಮೀನು ಸಾಕು, ನಾವಿಬ್ಬರೇ ಇರುವುದು.

ಮನೆಯೊಳಗಿನ ಮಳೆಗಾಲವೂ ಲೆಕ್ಕಕ್ಕಿರಲಿ. ಕಪಾಟಿನ ಬಟ್ಟೆಗೆ ಬೂಷ್ಟು, ಕಬ್ಬಿಣಕ್ಕೆ ತುಕ್ಕು, ಕರೆಂಟು ಹೋದರೆ ಯಾವಾಗ ಬರುತ್ತದೋ. ಸಂಧಿವಾತ, ಉಬ್ಬಸ ಇರುವವರು ಒಂದು ಮಳೆಗಾಲ ಇದ್ದು ನೋಡದೆ ಮನೆ ಕೊಳ್ಳುವುದು ಬೇಡ.

ಕೈಗಾಳವೋ, ಕೋಲೋ?

ಬೇಗ ಹೇಳಿ ಮುಗಿಸುತ್ತೇನೆ. ಅಳಿವೆಗೆ ಕೈಗಾಳ ಸಾಕು: ಒಂದು ಸುತ್ತು ತಂಗೂಸಿ, ಸಣ್ಣ ಸೀಸದ ಗುಂಡು, ಎರಡು ಮುಳ್ಳು. ಬೆರಳಿಗೆ ಬಟ್ಟೆ ಸುತ್ತಿಕೊಳ್ಳಿ, ಕೆಂಬೇರಿ ಎಳೆದರೆ ತಂಗೂಸಿ ಚರ್ಮ ಕೊಯ್ಯುತ್ತದೆ. ಕೈನಡುಕ, ಬೆರಳು ಮರಗಟ್ಟುವ ತೊಂದರೆ ಇರುವವರಿಗೆ ಕೋಲು, ರೀಲೇ ವಾಸಿ. ಬೀಸುಬಲೆ ಎಸೆಯಲು ಸೊಂಟ ಬೇಕು, ಎಳವೆಯಿಂದ ಕಲಿಯದವರು ಅರವತ್ತರ ಮೇಲೆ ಶುರುಮಾಡುವುದು ಬೇಡ. ದುಬಾರಿ ಸಾಮಾನು ಮೊದಲೇ ಕೊಳ್ಳಬೇಡಿ, ಉಪ್ಪುನೀರಲ್ಲಿ ಬಳಸಿ ತೊಳೆಯದೆ ಬಿಟ್ಟ ರೀಲು ಒಂದೇ ವರ್ಷಕ್ಕೆ ತುಕ್ಕು ಹಿಡಿದು ಬಿಗಿಯುತ್ತದೆ. ದಿನಾ ಸಿಹಿನೀರಲ್ಲಿ ತೊಳೆದರೆ ಅಗ್ಗದ್ದೂ ಬಾಳುತ್ತದೆ.

ತೇಡೆ ಎಂಬ ಮೀಸೆಯ ಮೀನು ಸಿಕ್ಕರೆ ಬರಿಗೈಯಲ್ಲಿ ಹಿಡಿಯಬಾರದು, ಬೆನ್ನಿನ ಮತ್ತು ಎರಡು ಪಕ್ಕದ ಮುಳ್ಳುಗಳಲ್ಲಿ ನಂಜಿದೆ. ಚಪ್ಪಟೆ ಮೈಯ ತೊರಕೆ ಮೀನಿನ ಬಾಲವೂ ಹಾಗೇ. ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿನೀರಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮುಳುಗಿಸಿಟ್ಟರೆ ನೋವು ಇಳಿಯುತ್ತದೆ, ಆಮೇಲೆ ವೈದ್ಯರಲ್ಲಿಗೆ. ಸಕ್ಕರೆ ಕಾಯಿಲೆಯವರ ಕಾಲಿಗೆ ಬಿಸಿಯ ಅರಿವು ಕಡಿಮೆ, ನೀರಿನ ಬಿಸಿಯನ್ನು ಇನ್ನೊಬ್ಬರು ಕೈ ಹಾಕಿ ನೋಡಲಿ. ಅವರು ಉಪ್ಪುನೀರಿಗೆ ಇಳಿಯುವಾಗ ಮುಚ್ಚಿದ ಬೂಟು ಹಾಕದೆ ಇರಲೇಬಾರದು. ಉಪ್ಪುನೀರಲ್ಲಾದ ಸಣ್ಣ ಗಾಯವೂ ಅವರಲ್ಲಿ ಕೆಟ್ಟದಾಗಿ ಏರುತ್ತದೆ. ಬಲೂನಿನಂತೆ ಊದಿಕೊಳ್ಳುವ ಮೀನು ಬಂದರೆ ಬಿಟ್ಟುಬಿಡಿ, ಅದು ವಿಷ, ಬೇಯಿಸಿದರೂ ಹೋಗುವುದಿಲ್ಲ.

ಕೊಳ್ಳುವುದೋ, ಬಾಡಿಗೆಯೋ?

ಕಡಲಿಗೆ ಮುಖ ಮಾಡಿದ ಜಾಗ ಮಾರುವವರು ಕರಾವಳಿ ನಿಯಂತ್ರಣ ವಲಯದ ಮಾತೇ ಎತ್ತುವುದಿಲ್ಲ. 2019ರ ಅಧಿಸೂಚನೆಯ ಪ್ರಕಾರ ಗ್ರಾಮೀಣ ಪ್ರದೇಶದಲ್ಲಿ ಭರತ ರೇಖೆಯಿಂದ 200 ಮೀಟರ್ ತನಕ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಜನ ದಟ್ಟವಾಗಿರುವ ಗ್ರಾಮಗಳಲ್ಲಿ ಮಾತ್ರ ಇದು 50 ಮೀಟರ್. ಉಬ್ಬರದ ನೀರು ಬರುವ ಹೊಳೆಯ ದಡದಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಜಾಗದ ಸರ್ವೆ ನಂಬರ್ ಹಿಡಿದು ವಲಯದ ನಕ್ಷೆಯಲ್ಲಿ ಎಲ್ಲಿ ಬೀಳುತ್ತದೆ ಎಂದು ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಪಡೆದ ಮೇಲೆಯೇ ಮುಂಗಡ ಕೊಡಿ. ಕಡಲ್ಕೊರೆತ ಇನ್ನೊಂದು. ತಡೆಗೋಡೆ ಹಾಕಿರುವ ದಂಡೆ ಎಂದರೆ ಕಡಲು ಒಮ್ಮೆ ಒಳಗೆ ಬಂದ ದಂಡೆ.

ನಾವು ಇವತ್ತಿಗೂ ಬಾಡಿಗೆಯಲ್ಲೇ ಇದ್ದೇವೆ. ನಮ್ಮಿಬ್ಬರಲ್ಲಿ ಒಬ್ಬರು ಉಳಿದ ಮೇಲೆ ಮಗಳ ಮನೆಗೆ ಹೋಗಬೇಕಾದೀತು. ಆಗ ಮನೆ ಮಾರುವ ಹೊರೆ ಯಾರ ಮೇಲೂ ಬೀಳಬಾರದು.

ಹೃದಯದ ಅಥವಾ ಕಿಡ್ನಿಯ ತೊಂದರೆಗೆ ಪದೇ ಪದೇ ಆಸ್ಪತ್ರೆ ನೋಡುವವರು ಮಲ್ಪೆಯ ಸುತ್ತಮುತ್ತ ಮನೆ ಹುಡುಕಿ, ಗಾಳಕ್ಕೆ ಕೋಡಿಬೆಂಗ್ರೆಗೆ ಹೋಗಿ. ಗೋವಾದಲ್ಲಿ ಮಕ್ಕಳಿರುವವರಿಗೆ, ಕೊಂಕಣಿ ಬಲ್ಲವರಿಗೆ ಕಾರವಾರ. ಆರೋಗ್ಯವಿದ್ದು ಮೌನ ಬೇಕೆನ್ನುವವರಿಗೆ ಅಘನಾಶಿನಿ. ಒಂಟಿಯಾಗಿರುವವರಿಗೆ, ಅದರಲ್ಲೂ ಒಂಟಿ ಹೆಂಗಸರಿಗೆ, ಮನೆಯಲ್ಲಿ ಒಬ್ಬರು ಮಾತ್ರ ಗಾಳ ಹಿಡಿಯುವವರಿದ್ದರೆ ಅವರಿಗೆ ಕುಂದಾಪುರ.

ನೋಡಲು ಬರುವವರು ಡಿಸೆಂಬರಿನಲ್ಲಿ ಬರಬೇಡಿ, ಆಗ ಎಲ್ಲ ಊರೂ ಚೆಂದ. ಜುಲೈಯಲ್ಲಿ ಬನ್ನಿ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ರೈಲು ಮಾರನೆಯ ಬೆಳಗ್ಗೆ ಮಲ್ಪೆಗೆ ಹತ್ತಿರದ ಉಡುಪಿ, ಕುಂದಾಪುರ, ಕುಮಟಾ ಮುಟ್ಟಿ ಕಾರವಾರಕ್ಕೆ ಹೋಗುತ್ತದೆ, ನಾಲ್ಕು ಊರನ್ನೂ ಒಂದೇ ಹಳಿಯ ಮೇಲೆ ನೋಡಬಹುದು. ಇಳಿದ ಊರಲ್ಲಿ ನೇರ ಹೊಳೆಯ ದಡಕ್ಕೆ ನಡೆದು, ಅಲ್ಲಿ ಗಾಳ ಹಾಕುತ್ತಿರುವ ಅತಿ ಹಿರಿಯರ ಪಕ್ಕ ಒಂದು ಗಂಟೆ ಕೂತು, ಅವರು ಎಲ್ಲಿ ಕಾಲಿಡುತ್ತಾರೆ ಎಂದು ನೋಡಿಕೊಳ್ಳಿ.